ಮೈಮೊನಿಡೀಸ್ ಗ್ರಂಥಕ್ಕೆ ಬಹಿಷ್ಕಾರ ಬಿದ್ದದ್ದು ತತ್ವಶಾಸ್ತ್ರದ ಕಾರಣಕ್ಕೋ, ತಾಲ್ಮುಡ್ ಕಾರಣಕ್ಕೋ?

ಓಲೆಗರಿ

1232ರ ಸುತ್ತ ಮೈಮೊನಿಡೀಸ್ ಗ್ರಂಥಗಳ ವಿಷಯದಲ್ಲಿ ಯೆಹೂದಿ ಪಂಡಿತರ ನಡುವೆ ಎದ್ದ ಗಲಾಟೆಯ ಬಗ್ಗೆ ಎಲ್ಲಿ ನೋಡಿದರೂ ಒಂದೇ ವಿವರಣೆ: ಒಂದು ಕಡೆ ಅರಿಸ್ಟಾಟಲನನ್ನು ಓದಿದ ತತ್ವಜ್ಞಾನಿಗಳು, ಇನ್ನೊಂದು ಕಡೆ ತಾಲ್ಮುಡ್ (ಯೆಹೂದಿ ಧರ್ಮವಿಧಿ ಮತ್ತು ಅದರ ಚರ್ಚೆಗಳ ಸಂಗ್ರಹ) ಪಂಡಿತರು, ಇಬ್ಬರಿಗೂ ಆಗಿಬರಲಿಲ್ಲ. ಇದು ಲೆಕ್ಕಕ್ಕೆ ಕೂರುವುದಿಲ್ಲ. ಮೈಮೊನಿಡೀಸ್ (1138–1204) ಆ ಕಾಲದ ಅತಿ ದೊಡ್ಡ ಧರ್ಮಶಾಸ್ತ್ರಕಾರರೂ ಹೌದು. ಇಡೀ ತಾಲ್ಮುಡಿನ ವಿಧಿಗಳನ್ನು ಭಟ್ಟಿ ಇಳಿಸಿ 14 ಪುಸ್ತಕಗಳ 'ಮಿಶ್ನೆ ತೋರಾ' ಬರೆದವರು. ಬಹಿಷ್ಕಾರ ಬಿದ್ದದ್ದು ಅವರ ತತ್ವಗ್ರಂಥವಾದ 'ಗೊಂದಲಕ್ಕೆ ಬಿದ್ದವರ ಮಾರ್ಗದರ್ಶಿ'ಯ ಮೇಲೆ, ಜೊತೆಗೆ ಮಿಶ್ನೆ ತೋರಾದ ಮೊದಲ ಪುಸ್ತಕದ ಮೇಲೆ. ಉಳಿದ 13ರ ತಂಟೆಗೆ ಹೋಗಲಿಲ್ಲ. ಮೊದಲನೆಯದೇ ಯಾಕೆ? ಮತ್ತೆ, ಎದುರು ನಿಂತವರಿಗೆ ನಿಜವಾಗಿ ನೋವಾದದ್ದು ಯಾವ ಸಾಲಿನಿಂದ? ಅಧ್ಯಾಯ ಸಮೇತ ತಿಳಿಸಿದರೆ ಉಪಕಾರ.

ಪೂರ್ವಪಕ್ಷ

ಉತ್ತರ ಆ ಪುಸ್ತಕದ ಒಳಗೇ ಇದೆ. ಅದರ ಹೆಸರು 'ಸೇಫೆರ್ ಹಮದ್ದಾ', ಅರಿವಿನ ಪುಸ್ತಕ. ಐದು ಭಾಗ: ತೋರಾದ (ಯೆಹೂದಿ ಧರ್ಮಶಾಸ್ತ್ರದ) ಬುನಾದಿ, ನಡತೆ, ತೋರಾ ಅಧ್ಯಯನ, ಅನ್ಯದೇವತಾರಾಧನೆ, ಪಶ್ಚಾತ್ತಾಪ.

ಮಿಶ್ನಾ, ಅಂದರೆ ತಾಲ್ಮುಡಿನ ಮೂಲಪಾಠ, ಶುರುವಾಗುವುದು ಸಂಜೆಯ ಶೆಮಾ ಪ್ರಾರ್ಥನೆಯ ಪಠಣ ಎಷ್ಟು ಹೊತ್ತಿನಿಂದ ಎಂಬ ಪ್ರಶ್ನೆಯಿಂದ. ಮೈಮೊನಿಡೀಸ್ ಶುರು ಮಾಡುವುದು ಎಲ್ಲದಕ್ಕೂ ಮೂಲವಾದ ಒಂದು ಮೊದಲ ಸತ್ತೆ ಇದೆ ಎಂದು ತಿಳಿಯುವುದೇ ಬುನಾದಿ ಎಂಬ ಮಾತಿನಿಂದ. ಮೂರನೆಯ ಅಧ್ಯಾಯದಲ್ಲಿ ಒಂಬತ್ತು ಆಕಾಶಗೋಳಗಳು ಬರುತ್ತವೆ. ನಾಲ್ಕನೆಯದರಲ್ಲಿ ಬೆಂಕಿ, ಗಾಳಿ, ನೀರು, ಮಣ್ಣು, ದ್ರವ್ಯ ಮತ್ತು ರೂಪ. ಗ್ರೀಕ್ ಭೌತಶಾಸ್ತ್ರ ಇಲ್ಲಿ ಧರ್ಮವಿಧಿಯ ಪೀಠದಲ್ಲಿ ಕೂತಿದೆ, ಅದೂ ಸರಳವಾದ ಹೀಬ್ರೂವಿನಲ್ಲಿ. 'ಮಾರ್ಗದರ್ಶಿ' ಅರಬ್ಬಿ ಭಾಷೆಯದು, ಬಲ್ಲವರು ಓದುತ್ತಿದ್ದರು. ಇದನ್ನು ಯಾರು ಬೇಕಾದರೂ ಓದಬಹುದಿತ್ತು.

ನೋವಿನ ಸಾಲು ನಾಲ್ಕನೆಯ ಅಧ್ಯಾಯದ ಕೊನೆಯ ವಿಧಿ, 13ನೆಯದು. ತಾಲ್ಮುಡಿನ ಸುಕ್ಕಾ ಗ್ರಂಥದಲ್ಲಿ (28ನೆಯ ಹಾಳೆ) ಒಂದು ಮಾತಿದೆ: ದೊಡ್ಡ ವಿಷಯವೆಂದರೆ ರಥದ ರಹಸ್ಯ, ಸಣ್ಣ ವಿಷಯವೆಂದರೆ ಅಬಯೆ ಮತ್ತು ರಾವಾ ನಡೆಸಿದ ವಾದಗಳು. ರಥ ಅಂದರೆ ಪ್ರವಾದಿ ಯೆಹೆಜ್ಕೇಲ ಕಂಡ ರಥದ ದರ್ಶನ. ಅಬಯೆ, ರಾವಾ ಇಬ್ಬರೂ 4ನೆಯ ಶತಮಾನದ ಬಾಬಿಲೋನಿನ ಪಂಡಿತರು, ತಾಲ್ಮುಡಿನ ತರ್ಕದಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು. ಮೈಮೊನಿಡೀಸ್ ಈ ಮಾತನ್ನು ಎತ್ತಿಕೊಂಡು, ಆ ದೊಡ್ಡ ವಿಷಯ ಅಂದರೆ ಈ ನಾಲ್ಕು ಅಧ್ಯಾಯಗಳಲ್ಲಿ ಹೇಳಿದಂಥ ತತ್ವವಿಚಾರ ಎಂದರು. ಹಗಲಿರುಳು ಅಬಯೆ-ರಾವಾ ವಾದದಲ್ಲೇ ಬದುಕು ಸವೆಸಿದ ಫ್ರಾನ್ಸಿನ ಪಂಡಿತರಿಗೆ ಇದು ಹೇಗೆ ತಟ್ಟಿರಬೇಕು! ಆದರೆ ಅದೇ ವಿಧಿಯಲ್ಲಿ ಅವರು ಇನ್ನೊಂದು ಮಾತೂ ಸೇರಿಸಿದ್ದಾರೆ: ಮೊದಲು ರೊಟ್ಟಿ ಮಾಂಸದಿಂದ ಹೊಟ್ಟೆ ತುಂಬಿಸಿಕೊಳ್ಳಬೇಕು, ಅಂದರೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ವಿಧಿಜ್ಞಾನ ಮೊದಲು ಬೇಕು, ಮನಸ್ಸನ್ನು ನೆಲೆನಿಲ್ಲಿಸುವುದು ಅದೇ, ಗಂಡಸು ಹೆಂಗಸು ಹಿರಿಯ ಕಿರಿಯ ಎಲ್ಲರ ಕೈಗೆಟುಕುವುದೂ ಅದೇ. ಜಗಳ ಹೇಳುವವರು ಈ ಎರಡನೆಯ ಅರ್ಧವನ್ನು ಬಿಟ್ಟೇ ಬಿಡುತ್ತಾರೆ.

ಇನ್ನೊಂದು ಸಾಲು ಪಶ್ಚಾತ್ತಾಪ ಭಾಗದ 3ನೆಯ ಅಧ್ಯಾಯ, 7ನೆಯ ವಿಧಿ. ನಾಸ್ತಿಕರೆನಿಸಿಕೊಳ್ಳುವ ಐದು ಬಗೆಯವರಲ್ಲಿ, ದೇವರು ಒಬ್ಬನೇ ಆದರೆ ಅವನಿಗೆ ದೇಹವಿದೆ ಎನ್ನುವವನೂ ಒಬ್ಬ. ಪೊಸ್ಕಿಯೇರಿನ ಅಬ್ರಹಾಂ ಬೆನ್ ಡೇವಿಡ್ (ರಾಬಾದ್, ನಿಧನ 1198) ಇದಕ್ಕೆ ಬರೆದ ಟಿಪ್ಪಣಿ ಪ್ರಸಿದ್ಧ: ಇಂಥವನನ್ನು ನಾಸ್ತಿಕ ಅಂದದ್ದೇಕೆ? ಇವರಿಗಿಂತ ದೊಡ್ಡವರೂ ಒಳ್ಳೆಯವರೂ ವಚನಗಳನ್ನು, ಅದಕ್ಕಿಂತ ಹೆಚ್ಚಾಗಿ ಅಗ್ಗದಾ, ಅಂದರೆ ಹಿಂದಿನ ಪಂಡಿತರು ಹೇಳಿದ ಕಥೆಗಳನ್ನು ಓದಿ ಹಾಗೆ ನಂಬಿದ್ದರಲ್ಲ! ದೇವರಿಗೆ ದೇಹವಿದೆ ಎಂದು ರಾಬಾದ್ ವಾದಿಸಿದರು ಅಂತ ಬರೆಯುವವರಿದ್ದಾರೆ, ಅದು ಪೂರಾ ತಪ್ಪು. ಆ ಕಥೆಗಳು ತಲೆ ಕೆಡಿಸುತ್ತವೆ ಎಂದು ಅವರೇ ಒಪ್ಪುತ್ತಾರೆ. ಅವರ ತಕರಾರು ಇಷ್ಟೇ: ಓದಿ ಎಡವಿದವನು ಬೇರೆ, ನಾಸ್ತಿಕ ಬೇರೆ.

ಅಂಚುಟಿಪ್ಪಣಿ

ಪೂರ್ವಪಕ್ಷ ಅವರು ಹೇಳಿದ್ದೆಲ್ಲ ಸರಿ, ಆದರೆ ರಾಬಾದ್ ಅವರ ಮುಖ್ಯ ಆಕ್ಷೇಪ ಮಿಶ್ನೆ ತೋರಾದ ಮುನ್ನುಡಿಯ ಮೇಲಿದೆ. ಜಗಳದ ಬೇರು ಅಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಲಿಖಿತ ತೋರಾ ಓದಿ, ಆಮೇಲೆ ಈ ಗ್ರಂಥ ಓದಿದರೆ ಸಾಕು, ನಡುವೆ ಬೇರೆ ಪುಸ್ತಕ ಬೇಡ ಎಂದು ಮೈಮೊನಿಡೀಸ್ ಬರೆದರು. ಯಾವ ವಿಧಿ ಯಾವ ಹಾಳೆಯಿಂದ ಬಂತು, ಯಾರ ಮಾತು, ಎದುರು ಮಾತು ಯಾರದು, ಒಂದನ್ನೂ ನಮೂದಿಸಲಿಲ್ಲ. ರಾಬಾದ್ ಕೇಳಿದ್ದು ಇದನ್ನೇ: ಹಿಂದಿನವರೆಲ್ಲ ಆಧಾರ ಕೊಟ್ಟು, ಹೇಳಿದವರ ಹೆಸರು ಹೇಳಿ ಬರೆದರು, ಈಗ ನ್ಯಾಯ ಕೊಡುವವನಿಗೆ ಬೇರೆ ಪಂಡಿತನೊಬ್ಬ ಬೇರೆ ಮಾತು ಹೇಳಿದರೆ, ತನ್ನ ಮಾತು ಬಿಟ್ಟು ಈ ಪುಸ್ತಕದ ಮಾತು ಯಾಕೆ ಹಿಡಿಯಬೇಕು?

ಇದು ಎಷ್ಟು ಗಂಭೀರವಾದ ತಕರಾರು ಎಂದು ತಿಳಿಯಬೇಕಾದರೆ ಒಂದು ಪುಟವನ್ನಾದರೂ ಬಿಡಿಸಿ ನೋಡಬೇಕು. ಬಾವಾ ಮೆತ್ಸಿಯಾ ಗ್ರಂಥದ ಮೊದಲ ಪುಟ ತೆಗೆದುಕೊಳ್ಳಿ. ಅದರ ಸಂಖ್ಯೆ '2, ಮೊದಲ ಮಗ್ಗುಲು'. ಎಣಿಕೆ ಪುಟಕ್ಕಲ್ಲ, ಹಾಳೆಗೆ, ನಮ್ಮ ತಾಳೆಗರಿಯ ಹಾಗೆ; ಪ್ರತಿ ಹಾಳೆಗೂ ಎರಡು ಮಗ್ಗುಲು. ಪಠ್ಯ ಶುರುವಾಗುವುದು 2ರಿಂದಲೇ.

ಮಿಶ್ನಾ ಹೇಳುವುದು: ಇಬ್ಬರು ಒಂದು ಬಟ್ಟೆಯನ್ನು ಹಿಡಿದುಕೊಂಡು ಬಂದಿದ್ದಾರೆ. ಸಿಕ್ಕಿದ್ದು ನನಗೆ, ಪೂರ್ತಿ ನನ್ನದು ಎಂದು ಇಬ್ಬರೂ ಅನ್ನುತ್ತಾರೆ. ಇದರಲ್ಲಿ ನನ್ನ ಪಾಲು ಅರ್ಧಕ್ಕಿಂತ ಕಡಿಮೆಯಿಲ್ಲ ಎಂದು ಇಬ್ಬರೂ ಆಣೆ ಮಾಡಬೇಕು, ಆಮೇಲೆ ಹಂಚಿಕೊಳ್ಳಬೇಕು. ಒಬ್ಬ ಪೂರ್ತಿ ನನ್ನದು, ಇನ್ನೊಬ್ಬ ಅರ್ಧ ನನ್ನದು ಅಂದರೆ ಮೊದಲನೆಯವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು. ಲೆಕ್ಕ ಹೀಗೆ: ಅರ್ಧದ ಬಗ್ಗೆ ಜಗಳವೇ ಇಲ್ಲ, ಅದು ಮೊದಲನೆಯವನದು, ಜಗಳವಿರುವ ಇನ್ನರ್ಧವನ್ನು ಸಮ ಮಾಡುತ್ತಾರೆ.

ಆಣೆಯ ಮಾತು ಯಾಕೆ ಅಷ್ಟು ಸುತ್ತುಬಳಸಿದೆ? ಗೆಮಾರಾ, ಅಂದರೆ ಮಿಶ್ನಾದ ಮೇಲಿನ ಚರ್ಚೆ, ಮುಂದೆ ಇದನ್ನೇ ಕೇಳುತ್ತದೆ. ಪೂರ್ತಿ ನನ್ನದು ಎಂದು ಆಣೆ ಮಾಡಿಸಿದರೆ, ಪೂರ್ತಿ ಕೊಡುತ್ತೇವೆಯೇ? ಇಲ್ಲ. ಅರ್ಧ ನನ್ನದು ಎಂದು ಮಾಡಿಸಿದರೆ, ಪೂರ್ತಿ ನನ್ನದು ಎಂದ ತನ್ನ ಮಾತನ್ನು ತಾನೇ ಕೆಡಿಸಿಕೊಂಡ ಹಾಗಾಯಿತು. ಅದಕ್ಕೇ 'ಕಡಿಮೆಯಿಲ್ಲ' ಎಂಬ ಪದ.

ಈಗ ಭಾಷ್ಯಕಾರ ರಾಶಿ. (ಶ್ಲೋಮೋ ಬೆನ್ ಯಿತ್ಸ್ಹಾಕ್, ತ್ರೊಆ ಊರು, 1040–1105; ಹೆಸರಿನ ಮೊದಲಕ್ಷರಗಳು ಕೂಡಿ 'ರಾಶಿ' ಆಗಿದೆ.) ಅವರು 'ಹಿಡಿದುಕೊಂಡು' ಎಂಬ ಪದದ ಮೇಲೆ ಬೆರಳಿಡುತ್ತಾರೆ: ಇಬ್ಬರ ಕೈಯಲ್ಲೂ ಇದ್ದರೆ ಮಾತ್ರ ಈ ವಿಧಿ. ಒಬ್ಬನ ಕೈಯಲ್ಲೇ ಇದ್ದಿದ್ದರೆ ಇನ್ನೊಬ್ಬ ಸಾಕ್ಷಿ ತರಬೇಕಿತ್ತು. ಅಷ್ಟೇ, ಎರಡು ಸಾಲು.

ಆಚೆ ಅಂಚಿನಲ್ಲಿ ತೋಸಾಫೋತ್, ಅಂದರೆ ರಾಶಿಯ ಮೊಮ್ಮಗ ರಬ್ಬೇನು ತಾಮ್ ಮತ್ತವರ ಪರಂಪರೆಯವರ 12–13ನೆಯ ಶತಮಾನದ ಟಿಪ್ಪಣಿಗಳು. ಅವರು ಇಲ್ಲಿಗೆ ಸಂಬಂಧವೇ ಇಲ್ಲದ ಹಾಗೆ ಕಾಣುವ ಬೇರೆ ಗ್ರಂಥವನ್ನು ತರುತ್ತಾರೆ: ಬಾವಾ ಬಾತ್ರಾ 34ನೆಯ ಹಾಳೆಯಲ್ಲಿ ಒಂದು ದೋಣಿಗೆ ಇಬ್ಬರು ಜಗಳವಾಡಿದಾಗ 'ಬಲವುಳ್ಳವನು ಗೆಲ್ಲಲಿ' ಎಂದು ಬಿಟ್ಟರಲ್ಲ, ಇಲ್ಲಿ ಹಂಚುವುದೇಕೆ? ಉತ್ತರ: ದೋಣಿಯನ್ನು ಯಾರೂ ಹಿಡಿದಿರಲಿಲ್ಲ. ಬಟ್ಟೆಯನ್ನು ಇಬ್ಬರೂ ಹಿಡಿದಿದ್ದಾರೆ; ಕೈಯಲ್ಲಿರುವಷ್ಟು ಅವನದೇ ಎಂಬುದಕ್ಕೆ ನಾವೇ ಸಾಕ್ಷಿಗಳಿದ್ದ ಹಾಗೆ. ರಾಶಿ ಒಂದು ಪದಕ್ಕೆ ಕೊಟ್ಟ ಅರ್ಥ ಇಲ್ಲಿ ಎರಡು ಗ್ರಂಥಗಳನ್ನು ಹೊಂದಿಸುವ ಸೂತ್ರವಾಯಿತು.

ಮಿಶ್ನೆ ತೋರಾದಲ್ಲಿ ಇದೇ ವಿಷಯ ನ್ಯಾಯಸ್ಥಾನದ ವಾದ-ಪ್ರತಿವಾದದ ವಿಧಿಗಳಲ್ಲಿ, 9ನೆಯ ಅಧ್ಯಾಯದಲ್ಲಿ ಬರುತ್ತದೆ. ತೀರ್ಪು ಇದೆ, ಆಣೆಯ ಮಾತಿದೆ, ಮುಕ್ಕಾಲು-ಕಾಲು ಇದೆ. ಎದುರು ವಾದ ಇಲ್ಲ. ನಾಳೆ ನ್ಯಾಯಾಧೀಶನ ಮುಂದೆ ಬಟ್ಟೆಯೂ ಅಲ್ಲದ ದೋಣಿಯೂ ಅಲ್ಲದ ಮೂರನೆಯ ವಸ್ತು ಬಂದರೆ ಯಾವುದಕ್ಕೆ ಹೋಲಿಸಬೇಕು? ತೀರ್ಪು ಮಾತ್ರ ಬಲ್ಲವನು ಅಲ್ಲಿ ಸಿಕ್ಕಿಬೀಳುತ್ತಾನೆ.

ಓಲೆಗರಿ

ಇದು ಮೈಮೊನಿಡೀಸ್ ಅವರಿಗೇ ಹೊಳೆದಿರಲಿಲ್ಲವೇ?

ಅಂಚುಟಿಪ್ಪಣಿ

ಹೊಳೆದಿತ್ತು, ಅದನ್ನು ಮುಚ್ಚಿಡದೆ ಬರೆದಿದ್ದಾರೆ. ಅಲೆಕ್ಸಾಂಡ್ರಿಯಾದ ನ್ಯಾಯಾಧೀಶ ಪಿನ್ಹಾಸರಿಗೆ ಬರೆದ ಪತ್ರ ನೋಡಿ. ಒಬ್ಬ ನ್ಯಾಯಾಧೀಶ ಕೊಲೆಯ ವಿಧಿಗಳ ಹಾಳೆ ಹಿಡಿದುಕೊಂಡು ಬಂದು, ಈ ಮಾತು ತಾಲ್ಮುಡಿನಲ್ಲಿ ಎಲ್ಲಿದೆ ಎಂದು ಇವರನ್ನೇ ಕೇಳುತ್ತಾನೆ. ಇರಬೇಕಾದ ಜಾಗದಲ್ಲೆಲ್ಲ ಹುಡುಕುತ್ತಾರೆ, ಸಿಗುವುದಿಲ್ಲ. ಅವನು ಹೋದ ಮೇಲೆ ನೆನಪಾಗುತ್ತದೆ: ಬೇರೆಯೇ ಗ್ರಂಥದಲ್ಲಿ, ಬೇರೆ ಮಾತಿನ ನಡುವೆ ಬಂದುಹೋದದ್ದು. ಬರೆದವರಿಗೇ ಈ ಪಾಡಾದರೆ ಓದುವವರ ಗತಿ ಏನು ಎಂದು ಅವರೇ ಕೊರಗಿ, ಮೂಲಗಳನ್ನು ತೋರಿಸುವ ಪ್ರತ್ಯೇಕ ಪುಸ್ತಕ ಬರೆಯುವ ಇಚ್ಛೆ ತಿಳಿಸುತ್ತಾರೆ. ಅದು ಬರಲಿಲ್ಲ. ಆ ಕೆಲಸವನ್ನು 14ನೆಯ ಶತಮಾನದಲ್ಲಿ 'ಮಗ್ಗೀದ್ ಮಿಶ್ನೆ', 16ನೆಯ ಶತಮಾನದಲ್ಲಿ ಯೋಸೆಫ್ ಕಾರೋ ಅವರ 'ಕೆಸೆಫ್ ಮಿಶ್ನೆ' ಮಾಡಿದವು. ಇಂದು ಮಿಶ್ನೆ ತೋರಾ ಅಚ್ಚಾಗುವುದೇ ರಾಬಾದ್ ಆಕ್ಷೇಪಗಳನ್ನೂ ಈ ಟೀಕೆಗಳನ್ನೂ ಸುತ್ತ ಕೂಡಿಸಿಕೊಂಡು. ನಡುವೆ ಬೇರೆ ಪುಸ್ತಕ ಬೇಡ ಎಂದ ಗ್ರಂಥ ಟೀಕೆಗಳ ನಡುವೆಯೇ ಬದುಕಿದೆ.

ಹಾಗೆಯೇ ರಾಬಾದ್ ಬರೀ ಬೈದರು ಅಂದುಕೊಳ್ಳಬೇಡಿ. ಬೆರಕೆ ಬೆಳೆಯ ವಿಧಿಗಳ 6ನೆಯ ಅಧ್ಯಾಯದಲ್ಲಿ, ಬಾಬಿಲೋನಿನ ತಾಲ್ಮುಡ್, ಜೆರುಸಲೇಮಿನ ತಾಲ್ಮುಡ್, ತೊಸೆಫ್ತಾ (ಮಿಶ್ನಾಕ್ಕೆ ಪೂರಕ ಸಂಗ್ರಹ) ಮೂರನ್ನೂ ಒಟ್ಟುಗೂಡಿಸಿದ್ದು ಬಹುದೊಡ್ಡ ಕೆಲಸ ಎಂದು ಒಪ್ಪಿ, ಅದಿಲ್ಲದಿದ್ದರೆ ಇವರ ಮೇಲೆ ಸಭೆಯನ್ನೇ ಕರೆಯುತ್ತಿದ್ದೆ ಎನ್ನುತ್ತಾರೆ. ಒಪ್ಪಿಗೆ, ಗದರಿಕೆ ಎರಡೂ ಒಂದೇ ಉಸಿರಿನಲ್ಲಿ.

ತರ್ಕಪ್ರಿಯ

ಒಂದು ಎಚ್ಚರಿಕೆ. ನಡುವೆ ಮೂಲ, ಹೊಲಿಗೆಯ ಕಡೆ ರಾಶಿ, ಹೊರ ಅಂಚಿಗೆ ತೋಸಾಫೋತ್ ಇರುವ ಪುಟ ಅಚ್ಚಿನ ಕಾಲದ್ದು. ವೆನಿಸಿನಲ್ಲಿ ಡೇನಿಯಲ್ ಬೊಂಬೆರ್ಗ್ 1520–23ರಲ್ಲಿ ಇಡೀ ತಾಲ್ಮುಡ್ ಅಚ್ಚು ಹಾಕಿದ ಮೇಲೆ ಹಾಳೆಯ ಎಣಿಕೆ ನೆಲೆಗೊಂಡಿತು. ಈಗ ಎಲ್ಲರೂ ಬಳಸುವುದು 1880ರ ದಶಕದ ವಿಲ್ನಾ ಆವೃತ್ತಿಯ ಪುಟ. 1232ರಲ್ಲಿ ಯಾರ ಮುಂದೆಯೂ ಈ ಪುಟ ಇರಲಿಲ್ಲ. ರಾಶಿಯ ಭಾಷ್ಯ ಬೇರೆ ಹೊತ್ತಿಗೆಯಾಗಿ ಓಡಾಡುತ್ತಿತ್ತು. ತೋಸಾಫೋತ್ ಅದನ್ನು ಕರೆಯುವುದೇ 'ಕುಂತ್ರೇಸ್', ಅಂದರೆ ಹೊತ್ತಿಗೆ, ಎಂದು. ಆ ಕಾಲದವರು ದೋಣಿಯ ಪ್ರಸಂಗ ತಂದರೆ ಅದು ನೆನಪಿನಿಂದ ಬಂದದ್ದು. 'ರಾಶಿ ಲಿಪಿ' ಎಂಬ ಅಕ್ಷರವನ್ನೂ ರಾಶಿ ಬರೆದವರಲ್ಲ, ಅದು ಅಚ್ಚಿನವರು ಸ್ಪೇನಿನ ಬರಹದ ಶೈಲಿಯಿಂದ ಮಾಡಿಕೊಂಡದ್ದು.

ಇನ್ನು 1232. ಘಟನೆಗಳ ಸಾಲು ಹೀಗೆ. ಮೊಂಪೆಲ್ಲಿಯೇ ಊರಿನ ಶ್ಲೋಮೋ ಬೆನ್ ಅಬ್ರಹಾಂ, ಅವರ ಶಿಷ್ಯರಾದ ಯೋನಾ ಗೆರೋಂದಿ ಮತ್ತು ಡೇವಿಡ್ ಬೆನ್ ಸಾವುಲ್ ಉತ್ತರ ಫ್ರಾನ್ಸಿನ ಪಂಡಿತರಿಗೆ ದೂರು ಒಯ್ದರು. ಅಲ್ಲಿಂದ 'ಮಾರ್ಗದರ್ಶಿ' ಮತ್ತು ಅರಿವಿನ ಪುಸ್ತಕದ ಮೇಲೆ ಬಹಿಷ್ಕಾರ ಬಂತು. ಪ್ರೊವಾನ್ಸ್, ಅರಗಾನ್ ಸಮುದಾಯಗಳು ತಿರುಗಿ ಶ್ಲೋಮೋ ಅವರ ಮೇಲೆಯೇ ಪ್ರತಿಬಹಿಷ್ಕಾರ ಹಾಕಿದವು. ವ್ಯಾಕರಣ ಪಂಡಿತ ಡೇವಿಡ್ ಕಿಮ್ಹಿ ಇಳಿವಯಸ್ಸಿನಲ್ಲಿ ಬೆಂಬಲ ಕೂಡಿಸಲು ಸ್ಪೇನಿಗೆ ಹೊರಟರು. ತೊಲೆದೋ ಊರಿನ ವೈದ್ಯ ಯೆಹೂದಾ ಅಲ್ಫಾಖಾರ್ ಅವರನ್ನು ಕಟುವಾಗಿ ಎದುರಿಸಿದರು. ಅಲ್ಫಾಖಾರ್ ಸ್ವತಃ ತತ್ವಶಾಸ್ತ್ರ ಬಲ್ಲವರು. ಬಲ್ಲವರೇ ಎದುರು ನಿಂತಿದ್ದರು ಎಂಬುದನ್ನು ಗಮನಿಸಿ. ನಡುವೆ ನಿಂತವರು ಸ್ಪೇನಿನ ತಾಲ್ಮುಡ್ ಪಂಡಿತ ನಹ್ಮನಿಡೀಸ್.

ಕೊನೆಗೆ ಸುಮಾರು 1233ರಲ್ಲಿ ಮೊಂಪೆಲ್ಲಿಯೇಯಲ್ಲಿ ಕ್ರೈಸ್ತ ಧರ್ಮಾಧಿಕಾರಿಗಳ ಕೈಯಿಂದ ಮೈಮೊನಿಡೀಸ್ ಗ್ರಂಥಗಳಿಗೆ ಬೆಂಕಿ ಬಿತ್ತು ಎಂದು ಅವರ ಪಕ್ಷದವರು ಬರೆದರು. 1240ರಲ್ಲಿ ಪ್ಯಾರಿಸ್ಸಿನಲ್ಲಿ ತಾಲ್ಮುಡನ್ನೇ ಕಟಕಟೆಗೆ ನಿಲ್ಲಿಸಿದರು: ಆರೋಪಿಸಿದವನು ಮತಾಂತರಗೊಂಡಿದ್ದ ನಿಕೊಲಸ್ ಡೋನಿನ್, ಉತ್ತರ ಕೊಟ್ಟವರು ಪ್ಯಾರಿಸ್ಸಿನ ಯೆಹಿಯೇಲ್. 1242ರಲ್ಲಿ 24 ಬಂಡಿ ತಾಲ್ಮುಡ್ ಹಸ್ತಪ್ರತಿಗಳನ್ನು ಸುಟ್ಟರು. ಅಚ್ಚಿಲ್ಲದ ಕಾಲದಲ್ಲಿ 24 ಬಂಡಿ ಅಂದರೆ ಎಷ್ಟು ಜನರ ಎಷ್ಟು ವರ್ಷದ ಕೈಬರಹ!

ಇಲ್ಲಿ ಬಹಳ ಜನ ಎಡವುತ್ತಾರೆ. ವೆರೋನಾದ ಹಿಲ್ಲೆಲ್ ಅದೇ ಶತಮಾನದ ಕೊನೆಯ ಹೊತ್ತಿಗೆ ಬರೆದ ಪತ್ರದ ಪ್ರಕಾರ, ಮೈಮೊನಿಡೀಸ್ ಗ್ರಂಥ ಸುಟ್ಟು 40 ದಿನ ಕಳೆಯುವುದರೊಳಗೆ ಅದೇ ಜಾಗದಲ್ಲಿ ತಾಲ್ಮುಡ್ ಸುಟ್ಟರಂತೆ, ಯೋನಾ ಗೆರೋಂದಿ ಅದನ್ನು ಕಂಡು ಪಶ್ಚಾತ್ತಾಪಪಟ್ಟರಂತೆ. ಎರಡು ಊರು, ನಡುವೆ ಸುಮಾರು ಒಂಬತ್ತು ವರ್ಷ. ದಿನದ ಲೆಕ್ಕ ನಿಲ್ಲುವುದಿಲ್ಲ.

ಪೂರ್ವಪಕ್ಷ

ಅನುವಾದದ ಪಾತ್ರವನ್ನೂ ಸೇರಿಸಬೇಕು. 'ಮಾರ್ಗದರ್ಶಿ' ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ. ಶ್ಮುಯೇಲ್ ಇಬ್ನ್ ತಿಬ್ಬೋನ್ ಹೀಬ್ರೂ ಅನುವಾದ ಮುಗಿಸಿದ್ದು 1204ರ ಕೊನೆಯಲ್ಲಿ, ಮೈಮೊನಿಡೀಸ್ ತೀರಿಕೊಂಡ ಹೊತ್ತಿಗೆ. 1199ರ ಪತ್ರದಲ್ಲಿ ಅವರು ಇಬ್ನ್ ತಿಬ್ಬೋನರಿಗೆ ಕೊಟ್ಟ ಸಲಹೆ ಎಲ್ಲ ಅನುವಾದಕರಿಗೂ ಬೇಕಾದದ್ದು: ಪದಕ್ಕೆ ಪದ ಇಡಬೇಡ, ಮೊದಲು ವಿಷಯವನ್ನು ಅರ್ಥ ಮಾಡಿಕೊ, ಆಮೇಲೆ ನಿನ್ನ ಭಾಷೆಯಲ್ಲಿ ಬರೆ. ಆದರೂ ಇಬ್ನ್ ತಿಬ್ಬೋನ್ ಅರಬ್ಬಿ ವಾಕ್ಯಕ್ಕೆ ಅಂಟಿಕೊಂಡರು. ನಿಖರ, ಆದರೆ ಗಡುಸು. ಹೊಸ ಪದಗಳಿಗೆ ಪದಕೋಶವನ್ನೇ ಬರೆಯಬೇಕಾಯಿತು. ಯೆಹೂದಾ ಅಲ್-ಹರೀಜಿಯ ಎರಡನೆಯ ಅನುವಾದ ಓದಲು ಹಗುರ, ತತ್ವದ ಪದಗಳಲ್ಲಿ ಸಡಿಲ. ಅರಬ್ಬಿ ಬಾರದ ಉತ್ತರ ಫ್ರಾನ್ಸಿನವರು ಮೂಲದ ಮುಖವನ್ನೇ ನೋಡದೆ ತೀರ್ಪು ಕೊಡಬೇಕಾಯಿತು.

'ಮಾರ್ಗದರ್ಶಿ'ಯನ್ನು ಒಂದರಿಂದ 178ನೆಯ ಅಧ್ಯಾಯದವರೆಗೆ (76, 48, 54) ನೇರವಾಗಿ ಓದಿದರೆ ಎಡವುವುದು ಖಂಡಿತ. ಮುನ್ನುಡಿಯಲ್ಲಿ ಅವರು ಗ್ರಂಥಗಳಲ್ಲಿ ವಿರೋಧಾಭಾಸ ಬರಲು ಏಳು ಕಾರಣ ಪಟ್ಟಿ ಮಾಡಿ, ಈ ಪುಸ್ತಕದಲ್ಲಿ ಕಾಣುವುದು ಐದನೆಯದು ಮತ್ತು ಏಳನೆಯದು ಎನ್ನುತ್ತಾರೆ. ಐದನೆಯದು ಪಾಠ ಹೇಳುವ ಅನುಕೂಲ: ಕಷ್ಟದ ವಿಷಯವನ್ನು ಮೊದಲು ದಪ್ಪ ಗೆರೆಯಲ್ಲಿ ಹೇಳಿ ಆಮೇಲೆ ತಿದ್ದುವುದು. ಏಳನೆಯದು ಬೇಕೆಂದೇ ಮರೆಮಾಚುವುದು. ಒಂದು ಅಧ್ಯಾಯಕ್ಕೆ ಇನ್ನೊಂದನ್ನು ಜೋಡಿಸಿ ಓದಿ ಎಂದು ಅವರೇ ಹೇಳಿದ್ದಾರೆ.

ತಾಲ್ಮುಡ್ ಓದುವವನಿಗೆ ಈ ಕೆಲಸ ಹೊಸದಲ್ಲ, ದೋಣಿಯನ್ನು ಬಟ್ಟೆಯ ಪಕ್ಕ ಇಟ್ಟದ್ದು ಇದೇ ಕೌಶಲ. ಅಂಚುಟಿಪ್ಪಣಿ ಅವರ ಮಾತಿಗೆ ನಾನು ಸೇರಿಸುವುದು ಇಷ್ಟು: ವಿಧಿಗ್ರಂಥದಲ್ಲಿ ವಾದವನ್ನು ಕಳಚಿಟ್ಟ ಅದೇ ಮನುಷ್ಯ ತತ್ವಗ್ರಂಥದಲ್ಲಿ ವಾದವನ್ನು ಓದುಗನ ತಲೆಗೇ ಬಿಟ್ಟರು.

ಉದಾಹರಣೆಗೆ ಎರಡನೆಯ ಭಾಗದ 25ನೆಯ ಅಧ್ಯಾಯ. ಜಗತ್ತು ಅನಾದಿ ಎಂಬ ಅರಿಸ್ಟಾಟಲನ ಮಾತನ್ನು ಅವರು ಒಪ್ಪುವುದಿಲ್ಲ. ಆದರೆ ಸೃಷ್ಟಿಯ ವಚನಗಳು ಹಾಗೆ ಹೇಳುತ್ತವೆ ಎಂಬುದು ಅದಕ್ಕೆ ಕಾರಣವಲ್ಲ. ದೇವರಿಗೆ ಕೈಯಿದೆ ಕಾಲಿದೆ ಎಂಬ ವಚನಗಳಿಗೆ ಬೇರೆ ಅರ್ಥ ಹಚ್ಚಿದ ಹಾಗೆ ಇವಕ್ಕೂ ಹಚ್ಚಬಹುದಿತ್ತು. ದೇಹವಿಲ್ಲ ಎಂಬುದು ಸಾಧಿತವಾಗಿದೆ, ಅನಾದಿತ್ವ ಸಾಧಿತವಾಗಿಲ್ಲ. ಎರಡನೆಯ ಕಾರಣ, ಅರಿಸ್ಟಾಟಲ್ ಹೇಳುವ ರೀತಿಯ ಅನಾದಿತ್ವ ಬಂದರೆ ಪವಾಡಕ್ಕೂ ತೋರಾಕ್ಕೂ ನೆಲೆಯಿಲ್ಲದಾಗುತ್ತದೆ.

ಮೂರನೆಯ ಭಾಗದ 32ನೆಯ ಅಧ್ಯಾಯದಲ್ಲಿ, ಬಲಿಯ ವಿಧಿಗಳು ಜನರನ್ನು ವಿಗ್ರಹಾರಾಧನೆಯಿಂದ ಮೆಲ್ಲಗೆ ಬಿಡಿಸಲು ಬಂದವು ಎಂದರು. ನಹ್ಮನಿಡೀಸ್ ಯಾಜಕಕಾಂಡದ ಭಾಷ್ಯದಲ್ಲಿ (1:9) ಕೊಟ್ಟ ಪೆಟ್ಟು ಶುದ್ಧ ತಾಲ್ಮುಡ್ ಶೈಲಿಯದು: ಆಬೆಲ್ ಬಲಿ ಕೊಟ್ಟಾಗ, ನೋಹ ಹಡಗಿನಿಂದಿಳಿದು ಬಲಿ ಕೊಟ್ಟಾಗ, ಜಗತ್ತಿನಲ್ಲಿ ವಿಗ್ರಹಾರಾಧಕರೇ ಇರಲಿಲ್ಲವಲ್ಲ?

ಕಡಲದಾರಿ

ವಾದ ಎಂದೂ ಮುಗಿಯುವುದಿಲ್ಲವೇ, ಎಲ್ಲಾದರೂ ಒಂದು ಕಡೆ ನಿಲ್ಲುತ್ತದೆಯೇ ಎಂದು ಕೇಳಬೇಕೆನಿಸಿತು. ದಿನನಿತ್ಯ ಮಾಡುವ ಆಚರಣೆಯಲ್ಲಿ ಏನು ಮಾಡುತ್ತಾರೆ?

ಅಂಚುಟಿಪ್ಪಣಿ

ಒಳ್ಳೆಯ ಪ್ರಶ್ನೆ. ಪ್ರಾರ್ಥನೆಯ ಹೊತ್ತಿಗೆ ತಲೆಗೂ ತೋಳಿಗೂ ಕಟ್ಟುವ ತೆಫಿಲ್ಲೀನ್ ನೋಡಿ. ತಲೆಗೆ ಕಟ್ಟುವ ಚರ್ಮದ ಪೆಟ್ಟಿಗೆಯಲ್ಲಿ ನಾಲ್ಕು ಗೂಡು, ಗೂಡಿಗೊಂದರಂತೆ ನಾಲ್ಕು ಚರ್ಮಪತ್ರದ ಸುರುಳಿ. ತೋಳಿನದಕ್ಕೆ ಒಂದೇ ಗೂಡು, ನಾಲ್ಕೂ ಪಾಠ ಒಂದೇ ಸುರುಳಿಯಲ್ಲಿ. ರಾಶಿಯ ಕ್ರಮ: ವಿಮೋಚನಕಾಂಡ 13:1–10, 13:11–16, ಧರ್ಮೋಪದೇಶಕಾಂಡ 6:4–9, 11:13–21. ರಬ್ಬೇನು ತಾಮ್ ಕೊನೆಯ ಎರಡನ್ನು ಅದಲುಬದಲು ಮಾಡಿದರು. ಇಬ್ಬರೂ ಓದಿದ್ದು ಮೆನಾಹೋತ್ 34ನೆಯ ಹಾಳೆಯ ಒಂದೇ ವಾಕ್ಯ: ಮೊದಲೆರಡು ಬಲಕ್ಕೆ, ಉಳಿದೆರಡು ಎಡಕ್ಕೆ. ಎಡದ ಎರಡನ್ನು ನಡುವಿನಿಂದ ಹೊರಕ್ಕೆ ಎಣಿಸಬೇಕೋ ಹೊರಗಿನಿಂದ ಒಳಕ್ಕೋ ಎಂಬಲ್ಲಿ ದಾರಿ ಕವಲೊಡೆಯಿತು. ಮೈಮೊನಿಡೀಸ್ ಇಲ್ಲಿ ರಾಶಿಯ ಕ್ರಮದ ಕಡೆಗೆ.

ಗೂಡು ತಪ್ಪಿದರೆ ತೆಫಿಲ್ಲೀನೇ ಅಸಿಂಧು, ಹಾಗಾಗಿ ನಡುದಾರಿ ಇಲ್ಲ. ರೂಢಿ ರಾಶಿಯ ಕಡೆ ನಿಂತಿತು. ಬಹಳ ನಿಷ್ಠರಾದವರು ಎರಡು ಜೊತೆ ಇಟ್ಟುಕೊಂಡು ಎರಡನ್ನೂ ಧರಿಸುತ್ತಾರೆ. ಬಾಗಿಲ ಕಂಬಕ್ಕೆ ಬಡಿಯುವ ಮೆಜುಜಾ ಸುರುಳಿಯಲ್ಲಿ ಬೇರೆ ಥರ. ರಾಶಿ ನೆಟ್ಟಗೆ ನಿಲ್ಲಿಸಿ ಎಂದರು, ರಬ್ಬೇನು ತಾಮ್ ಅಡ್ಡ ಮಲಗಿಸಿ ಎಂದರು. ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯೂರೋಪ್ ಮೂಲದ ಯೆಹೂದಿ) ಮನೆಗಳಲ್ಲಿ ಇಂದಿಗೂ ಅದು ಓರೆಯಾಗಿರುತ್ತದೆ. ಇಬ್ಬರ ಮಾತೂ ಆ ಓರೆಯಲ್ಲಿ ಉಳಿದಿದೆ.

ಕಡಲದಾರಿ

ಧನ್ಯವಾದ ಸರ್. ನನ್ನ ಕಡೆಯಿಂದ ಒಂದು ಕೊಂಡಿ. ಮೈಮೊನಿಡೀಸ್ ನೆಲೆಸಿದ್ದ ಹಳೆ ಕೈರೋದ ಫುಸ್ತಾತಿನಲ್ಲೇ, ಬೆನ್ ಎಜ್ರಾ ಪ್ರಾರ್ಥನಾ ಮಂದಿರದಲ್ಲಿ ಹಳೆಯ ಕಾಗದ ತುಂಬಿಡುವ ಕೋಣೆಯಲ್ಲಿ, ಮಂಗಳೂರಿನ ಪತ್ರಗಳೂ ಸಿಕ್ಕಿವೆ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ 1132ರಿಂದ 1149ರವರೆಗೆ ಹೆಚ್ಚಾಗಿ ನಮ್ಮ ಕರಾವಳಿಯಲ್ಲಿದ್ದ. ಹಿತ್ತಾಳೆ ಪಾತ್ರೆ ಮಾಡಿಸುತ್ತಿದ್ದ, ಬೊಮ್ಮ ಎಂಬವನು ಅವನ ಪ್ರತಿನಿಧಿಯಾಗಿ ಏಡನ್‌ಗೆ ಹೋಗಿ ಬರುತ್ತಿದ್ದ. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರಕ್ಕೆ ಮಂಗಳೂರು, 1132 ಎಂಬ ಗುರುತಿದೆ. ಮೈಮೊನಿಡೀಸ್ ಈಜಿಪ್ಟಿಗೆ ಬಂದದ್ದು ಇವನು ಹಿಂದಿರುಗಿ ಹೋದ ಎಷ್ಟೋ ವರ್ಷದ ಮೇಲೆ. ಇಬ್ಬರನ್ನೂ ಒಂದೇ ಕಾಲಕ್ಕೆ ತಂದು ಬೆಸೆಯಬಾರದು. ಆದರೆ ಮೈಮೊನಿಡೀಸ್ ಅವರ ತಮ್ಮ ಡೇವಿಡ್ ಇದೇ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಹೊರಟು ಮುಳುಗಿ ತೀರಿಕೊಂಡ. ಮನೆಯ ಖರ್ಚು ಹೊತ್ತಿದ್ದವನು ಅವನು. ಆ ಸುದ್ದಿ ಬಂದ ಮೇಲೆ ಸುಮಾರು ಒಂದು ವರ್ಷ ಹಾಸಿಗೆ ಹಿಡಿದಿದ್ದೆ ಎಂದು ಅಣ್ಣ ಬರೆದಿದ್ದಾರೆ.

ಓಲೆಗರಿ

1305ರ ಬಗ್ಗೆಯೂ ಯಾರಾದರೂ ಬರೆಯಿರಿ. ಅಲ್ಲಿ 'ತತ್ವಶಾಸ್ತ್ರವನ್ನೇ ನಿಷೇಧಿಸಿದರು' ಎಂದು ಓದಿದ್ದೆ.

ತರ್ಕಪ್ರಿಯ

ಹಾಗಲ್ಲ. ಬಾರ್ಸಿಲೋನಾದ ಶ್ಲೋಮೋ ಇಬ್ನ್ ಅದ್ರೆತ್ (ರಶ್ಬಾ) 1305ರ ಜುಲೈಯಲ್ಲಿ ಹೊರಡಿಸಿದ ಬಹಿಷ್ಕಾರದ ಪದಗಳು ಬಿಗಿಯಾಗಿವೆ. 25 ವಯಸ್ಸು ತುಂಬದವರು ಗ್ರೀಕರ ಭೌತಶಾಸ್ತ್ರ, ಅಧ್ಯಾತ್ಮಶಾಸ್ತ್ರದ ಗ್ರಂಥ ಓದಬಾರದು. ಅವಧಿ 50 ವರ್ಷ. ವೈದ್ಯಶಾಸ್ತ್ರಕ್ಕೆ ವಿನಾಯಿತಿ. ಮೈಮೊನಿಡೀಸ್ ಗ್ರಂಥಗಳು ನಿಷೇಧದಲ್ಲಿ ಇಲ್ಲವೇ ಇಲ್ಲ. 73 ವರ್ಷದಲ್ಲಿ ಅವರು ಜಗಳದ ಆಚೆಗೆ ಏರಿಬಿಟ್ಟಿದ್ದರು. ರಶ್ಬಾ ಅವರನ್ನು ಇದಕ್ಕೆ ಎಳೆದವರು ದಕ್ಷಿಣ ಫ್ರಾನ್ಸಿನ ಪಂಡಿತ ಅಬ್ಬಾ ಮಾರಿ. ಅವರ ಮೊದಲ ದೂರು ಮೂತ್ರಪಿಂಡದ ನೋವಿಗೆ ಸಿಂಹದ ಚಿತ್ರವಿರುವ ತಾಯಿತ ಬಳಸುವುದರ ಬಗ್ಗೆ, ಆಮೇಲೆ ಅಬ್ರಹಾಮ ಅಂದರೆ ರೂಪ, ಸಾರಾ ಅಂದರೆ ದ್ರವ್ಯ ಎಂದು ಪ್ರವಚನ ಮಾಡುವವರ ಬಗ್ಗೆ. ಮೊಂಪೆಲ್ಲಿಯೇಯಲ್ಲಿ ಯಾಕೋವ್ ಬೆನ್ ಮಾಖೀರ್ ಪಕ್ಷ ಪ್ರತಿಬಹಿಷ್ಕಾರ ಹಾಕಿತು. ಪತ್ರಗಳು ಇನ್ನೂ ಓಡಾಡುತ್ತಿದ್ದಾಗಲೇ, 1306ರಲ್ಲಿ ಫ್ರಾನ್ಸಿನ ರಾಜ ನಾಲ್ಕನೆಯ ಫಿಲಿಪ್ ಯೆಹೂದಿಗಳನ್ನೆಲ್ಲ ರಾಜ್ಯದಿಂದ ಹೊರಹಾಕಿದ.

ಓದುವ ಕ್ರಮ ಕೇಳುವುದಾದರೆ, ಮೊದಲು ತೋರಾದ ಬುನಾದಿಯ 4:13, ಆಮೇಲೆ ಪಶ್ಚಾತ್ತಾಪ 3:7 ಮತ್ತು ಅದರ ಪಕ್ಕದ ರಾಬಾದ್, ಆಮೇಲೆ ಮಾರ್ಗದರ್ಶಿ 2:25. ಮೂರಕ್ಕೂ ಮುಂಚೆ, ಬಟ್ಟೆ ಹಿಡಿದುಕೊಂಡು ಬಂದ ಆ ಇಬ್ಬರನ್ನು ಒಮ್ಮೆ ನೋಡಿ ಬನ್ನಿ.